ಹಿಮದ ಇಳಿಜಾರಿನ ಮುಂದೆ ಕೂತುಬಿಟ್ಟ ತಂಗಿ

ಒಂದು ಪೇಟೆಯಲ್ಲಿ ಒಬ್ಬ ಸಿರಿವಂತನಿದ್ದ. ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಒಂದು ವರ್ಷ ತನ್ನ ಓಣಿಯವರನ್ನೆಲ್ಲ ಸ್ವಂತ ಖರ್ಚಿನಲ್ಲಿ ಹಿಮಾಲಯದ ಯಾತ್ರೆಗೆ ಕರೆದುಕೊಂಡು ಹೋದ. ಧರ್ಮದ ಕೆಲಸ, ಬೇಡವೆನ್ನುವವರು ಯಾರು? ಆದರೆ ನೋಡಿ, ಪುಕ್ಕಟೆ ಯಾತ್ರೆಗೂ ಒಂದು ಕಟ್ಟಳೆ ಇರುತ್ತದೆ. ಕರೆದುಕೊಂಡು ಹೋದವನು ನಡೆ ಎಂದರೆ ನಡೆಯಬೇಕು, ನಿಲ್ಲು ಎಂದರೆ ನಿಲ್ಲಬೇಕು. ಉಳಿದವರ ಪಾಲಿಗೆ ಒಂದೇ ಮಾತು: ಹೂಂ.

ಆ ಗುಂಪಿನಲ್ಲಿ ಅವನ ತಂಗಿಯೂ ಇದ್ದಳು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದವಳು. ಅಡುಗೆಮನೆಯ ಪಕ್ಕ ಒಂದು ಕೋಣೆ, ಹೊತ್ತು ಹೊತ್ತಿಗೆ ಊಟ. ಅಣ್ಣನಿಗೆ ಒಂದು ಸಲ ಎದುರಾಡಿದರೆ ಆ ಕೋಣೆ ಹೋಯಿತು. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬೆಟ್ಟ ಹತ್ತುವ ದಿನ ಬಂತು. ಮೇಲಿನ ಗುಡಿಯ ಬಾಗಿಲು ಮರುದಿನ ತೆರೆಯುವುದಿತ್ತು. ಮೊದಲ ಪೂಜೆ ತನ್ನದೇ ಆಗಬೇಕೆಂದು ಸಿರಿವಂತನ ಹಟ. ಹಿಂದಿನ ದಿನವೆಲ್ಲ ಹಿಮ ಸುರಿದಿತ್ತು. ಬೆಳಿಗ್ಗೆ ರಕ್ಷಣಾ ದಳದವರು ಎಲ್ಲರನ್ನೂ ನಿಲ್ಲಿಸಿ ಹೇಳಿದರು: ಹೊಸ ಹಿಮ ಹಳೆಯ ಹಿಮಕ್ಕೆ ಇನ್ನೂ ಅಂಟಿಲ್ಲ. ಬಿಸಿಲೇರಿದ ಮೇಲೆ ಕಡಿದಾದ ಇಳಿಜಾರಿಗೆ ಕಾಲಿಡಬೇಡಿ. ಕಾಲ ಕೆಳಗೆ ಧಬ್ ಎಂದರೆ, ಬಿರುಕು ಬಿಟ್ಟರೆ, ಅಲ್ಲಿಂದಲೇ ಹಿಂದಿರುಗಿ. ಎಲ್ಲರೂ ಕೇಳಿಸಿಕೊಂಡರು. ಎಲ್ಲರೂ ತಲೆಯಾಡಿಸಿದರು. ಆಮೇಲೆ ಸಿರಿವಂತನ ಸ್ನಾನ, ಸಿರಿವಂತನ ತಿಂಡಿ, ಸಿರಿವಂತನ ಫೋಟೊ. ಹೊರಡುವಾಗ ಸೂರ್ಯ ನೆತ್ತಿಗೆ ಬಂದಿದ್ದ.

ಬಂಡೆಗಳ ಸಾಲು ಮುಗಿದು ದೊಡ್ಡ ಇಳಿಜಾರು ಶುರುವಾಯಿತು. ಸಿರಿವಂತ ಅದರ ಅಂಚಿನಲ್ಲಿ ಮೊದಲ ಹೆಜ್ಜೆ ಇಟ್ಟ. ಧಬ್! ಗಟ್ಟಿ ಮೊಸರಿಗೆ ಸೌಟು ತಾಕಿದ ಹಾಗೆ ಹಿಮದ ಮೇಲೆ ಬಿರುಕೊಂದು ಓಡಿತು. ಅವನೂ ಬೆಚ್ಚಿ ಕಾಲು ಹಿಂದಕ್ಕೆಳೆದ. ಆದರೆ ಅಷ್ಟು ಜನರೆದುರು ಬೆಚ್ಚಿದ್ದನ್ನು ಅವನ ಮೀಸೆ ಸಹಿಸಬೇಕಲ್ಲ!

“ಏನೂ ಆಗಲ್ಲ. ಎಲ್ಲರೂ ಕೈ ಕೈ ಹಿಡ್ಕೊಳ್ಳಿ, ದೇವರ ನಾಮ ಹೇಳ್ತಾ ಬನ್ನಿ,” ಎಂದ.

ಹಿಡಿದುಕೊಂಡರು! ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಿವಿಗೆ ಕೇಳಿಸಿರಲಿಲ್ಲವೇ? ಕೇಳಿಸಿತ್ತು. ಬಾಯಿ ಮಾತ್ರ ಇರಲಿಲ್ಲ.

ತಂಗಿ ಹತ್ತಿರದ ಬಂಡೆಯ ಮೇಲೆ ಕೂತುಬಿಟ್ಟಳು.

“ಏನೇ, ಕಾಲು ನೋವಾ?”

“ಕಾಲು ಚೆನ್ನಾಗೇ ಇದೆ ಅಣ್ಣಾ. ನಾ ಬರಲ್ಲ.”

“ಇಷ್ಟು ದೂರ ಬಂದು ದೇವರನ್ನ ನೋಡಲ್ಲ ಅಂತೀಯಾ?”

“ದೇವರು ನಾಳೆನೂ ಅಲ್ಲೇ ಇರ್ತಾನೆ. ನಾವು ಇರಬೇಕಲ್ಲ? ಯಾರೂ ಹೋಗ್ಬೇಡಿ.”

“ಯಾರ ಮನೆ ಅನ್ನ ತಿಂದು ಮಾತಾಡ್ತಿದೀಯ, ನೆನಪಿದೆಯಾ?”

“ನಾನೇ ಬೇಯಿಸಿದ ಅನ್ನ, ಮರೀತೀನಾ?”

ಯಾರೋ ನಗಲು ಹೋಗಿ ಕೆಮ್ಮಿದರು. ಕೋಣೆ ಕೈಬಿಟ್ಟು ಹೋಗುವುದು ತಂಗಿಗೆ ಅಲ್ಲಿಂದಲೇ ಕಾಣುತ್ತಿತ್ತು. ಆದರೂ ಏಳಲಿಲ್ಲ.

ಆಗ ಸಾಲಿನಿಂದ ಒಬ್ಬ ಮುದುಕಿ ಕೈ ಬಿಡಿಸಿಕೊಂಡು ಬಂದಳು. “ನನಗೂ ಆಗಿಂದ ಎದೆ ಡವಡವ ಅಂತಿದೆ ಕಣಪ್ಪಾ, ಹೇಳೋಕೆ ಭಯ ಆಗಿತ್ತು. ಸ್ವಲ್ಪ ಜರುಗೇ ತಾಯಿ,” ಎಂದು ತಂಗಿಯ ಪಕ್ಕ ಕುಕ್ಕರಿಸಿದಳು. ಅವಳ ಹಿಂದೆ ಮತ್ತೊಬ್ಬರು, ಅವರ ಹಿಂದೆ ಇನ್ನೊಬ್ಬರು. ಕೊನೆಗೆ ಸಿರಿವಂತ ಒಬ್ಬನೇ ಉಳಿದ. ಒಬ್ಬನೇ ದಾಟುವ ಧೈರ್ಯ ಅವನಿಗಿತ್ತೇ? ಇರಲಿಲ್ಲ! ಎಲ್ಲರನ್ನೂ ಬೈಯುತ್ತ ಹಿಂದಿರುಗಿದ.

ಈಗ ನೀವು ಕೇಳುತ್ತೀರಿ: ಹಿಮ ಕುಸಿಯಿತಾ ಬುದ್ಧಿ? ಇಲ್ಲ. ಅವತ್ತು ಒಂದು ಹಿಡಿ ಹಿಮವೂ ಜಾರಲಿಲ್ಲ. ಮೊದಲ ಪೂಜೆ ಬೇರೆಯವರ ಪಾಲಾಯಿತು. ದಾರಿಯುದ್ದಕ್ಕೂ ಸಿರಿವಂತ, “ಎಲ್ಲೇ ನಿನ್ನ ಹಿಮ? ಬಂತಾ?” ಎಂದು ಚುಚ್ಚಿದ.

“ಕೇಳೋಕೆ ನೀನಿದೀಯಲ್ಲಣ್ಣಾ, ಅಷ್ಟು ಸಾಕು,” ಎಂದಳು ತಂಗಿ.

ಊರು ಮುಟ್ಟಿದ ದಿನವೇ ಅವಳ ಟ್ರಂಕು ಜಗಲಿಗೆ ಬಂತು. ಅವಳು ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಟ್ರಂಕಿನ ಒಂದು ಹಿಡಿಗೆ ಕೈ ಹಾಕಿದಳು. ಇನ್ನೊಂದು ಹಿಡಿಯನ್ನು ಆ ಮುದುಕಿ ಹಿಡಿದಳು. ಇಬ್ಬರೂ ನಡುಬೀದಿಯಲ್ಲಿ ತಲೆಯೆತ್ತಿ ಮುದುಕಿಯ ಮನೆಯ ಕಡೆ ನಡೆದರು.

ತಾಯಂದಿರೇ, ಅಣ್ಣಂದಿರೇ, ಅವಳು ಸೋತಳೇ? ಹಿಮ ಕುಸಿದು ಹೆಣ ಬಿದ್ದಿದ್ದರೆ ಮಾತ್ರ ಅವಳ ಮಾತು ಸರಿಯೇ? ನಿಮಗೆ ಸಾಕ್ಷಿಯೆಂದರೆ ಹೆಣವೇ? ನಮ್ಮಲ್ಲಿ ಹಿಮವಿಲ್ಲ ಎಂದು ಹಗುರಾಗಿ ಕೂರಬೇಡಿ. ಬ್ರೇಕ್ ಹಿಡಿಯದ ಟೆಂಪೊದಲ್ಲಿ ಮಕ್ಕಳನ್ನು ತುಂಬುತ್ತಾರೆ, ನೀವು ಹೂಂ ಎನ್ನುತ್ತೀರಿ. ಸೊಂಟಕ್ಕೆ ಹಗ್ಗವಿಲ್ಲದೆ ಕಟ್ಟಡ ಹತ್ತಿಸುತ್ತಾರೆ, ಹೂಂ. ಉಸಿರು ಕಟ್ಟುವ ಗುಂಡಿಗೆ ಮನುಷ್ಯರನ್ನು ಇಳಿಸುತ್ತಾರೆ, ಅದಕ್ಕೂ ಹೂಂ! ಇದು ವಿನಯವೇ? ಇದು ಭಕ್ತಿಯೇ? ಅಲ್ಲ, ಇದು ಕೊಲೆಗೆ ಕೊಡುವ ಒಪ್ಪಿಗೆ.

ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋದಾಗ ಅಪಾಯ ಕಂಡರೆ ಗಟ್ಟಿಯಾಗಿ ಹೇಳಿ, ಬರಲ್ಲ ಅಂತ. ಅಷ್ಟು ಎದೆಗಾರಿಕೆ ಇಲ್ಲವೇ? ಇರಲಿ. ಹಾಗೆ ಹೇಳಿದವರೊಬ್ಬರು ಒಂಟಿಯಾಗಿ ಕೂತಿರುತ್ತಾರಲ್ಲ, ಎಲ್ಲರೂ ನೋಡುತ್ತಿರುವಾಗಲೇ ಹೋಗಿ ಅವರ ಪಕ್ಕದಲ್ಲಿ ಕೂತುಕೊಳ್ಳಿ.