ಬಣ್ಣ ಒಣಗುವವರೆಗೆ

ಎಂಟು ದಿನ ಆಗೋದಿಲ್ಲ ಮೇಸ್ತ್ರಿ. ಗುರುವಾರ ಬೆಳಿಗ್ಗೆ ಕಾರು ನಮ್ಮ ಮನೆ ಮುಂದೆ ಇರಬೇಕು. ಬೆರಳು ಎಣಿಸಿ ತೋರಿಸಬೇಡಿ, ಬಾಯಿ ಬಿಟ್ಟು ಹೇಳಿ... ಸರಿ, ಬಾಯಲ್ಲಿ ಸ್ಕ್ರೂ ಇಟ್ಟುಕೊಂಡಿದ್ದೀರಿ. ಇರಲಿ. ಬಾಗಿಲಿನ ಒಳಹಲಗೆ ಬಿಚ್ಚಿ ಮುಗಿಸಿ, ನಾನು ನಿಂತೇ ಇರ್ತೀನಿ.

ಬೇಡ, ಆ ಸ್ಟೂಲು ಬೇಡ. ಗ್ರೀಸ್ ಮೆತ್ತಿದೆ. ನನಗೆ ಈ ಕೋಲಿದೆಯಲ್ಲ, ಸಾಕು.

ಗುರುವಾರ ನಮ್ಮ ಯಜಮಾನರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸ್ತಾರೆ. ವಾಸಿಯಾಗಿ ಅಲ್ಲ. ನಮ್ಮ ಕೈಯಲ್ಲಿ ಇನ್ನೇನೂ ಇಲ್ಲ, ಮನೇಲೇ ಇರಲಿ ಅಂದರು ಡಾಕ್ಟರು. ಇವರದು ಒಂದೇ ಹಟ, ಬಂದರೆ ನನ್ನ ಕಾರಲ್ಲೇ ಬರ್ತೀನಿ ಅಂತ. ಬರಲಿ, ಬೇಡ ಅಂದವರು ಯಾರು? ಆದರೆ ಹತ್ತುವ ಮುಂಚೆ ಗಾಲಿಕುರ್ಚಿಯಲ್ಲಿ ಕೂತೇ ಒಂದು ಸುತ್ತು ಹಾಕಿಸಿಕೊಳ್ತಾರೆ ನೋಡಿ... ಬಾನೆಟ್ಟಿನಿಂದ ಡಿಕ್ಕಿಯವರೆಗೆ ಕೈಯಾಡಿಸ್ತಾರೆ. ಕಣ್ಣು ಮಂಜಾಗಿದೆ, ಆದರೆ ಆ ಅಂಗೈಗೆ ಕೂದಲೆಳೆಯಷ್ಟು ಗೀರೂ ತಪ್ಪೋದಿಲ್ಲ. ನಲವತ್ತೊಂದು ವರ್ಷದಲ್ಲಿ ಒಂದು ದಿನ ನನ್ನ ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡಿದ ಕೈಯಲ್ಲ ಅದು... ಯಾಕೆ ನಗ್ತೀರಿ? ನಗುವ ಮಾತಲ್ಲ ಇದು.

ಹೇಳಿದೆನಲ್ಲ, ಗುಜರಿಯವನ ಗಾಡಿ ಅಂತ. ಗೇಟು ತೆರೆದಿತ್ತು, ಅವನು ಗಾಡಿ ಹಿಂದಕ್ಕೆ ತಳ್ಳಿದ, ಬಾಗಿಲಿಗೆ ಬಡಿಯಿತು. ಅಷ್ಟೇ. ಹೌದು, ಒಂದೇ ಸಲ. ಏಳು ಕಡೆ ನೆಗ್ಗಿದ್ದರೆ ನಾನೇನು ಮಾಡಲಿ? ಗಾಡಿ ತುಂಬ ಕಬ್ಬಿಣ ಇತ್ತು, ಅದರ ಮೊನೆಗಳು... ಗೀರು ಎಲ್ಲಿದೆ ಅಂತ ಬೆರಳಲ್ಲಿ ಸವರಿ ತೋರಿಸ್ತೀರಲ್ಲ, ನೀವು ಟಿಂಕರೋ, ಪೊಲೀಸೋ? ತಗಡು ತಟ್ಟೋದು ನಿಮ್ಮ ಕೆಲಸ. ತಟ್ಟಿ.

ಅದೇನದು, ಒಂದೊಂದೇ ಸುತ್ತಿಗೆ ತಂದು ಗುಳಿಯೊಳಗೆ ಇಟ್ಟು ನೋಡೋದು? ಕಾಲಿಗೆ ಚಪ್ಪಲಿ ಅಳತೆ ನೋಡಿದ ಹಾಗೆ. ಅದು ಚಿಕ್ಕದಾಯಿತು. ಅದೂ ಅಲ್ಲ... ಇನ್ನೂ ಸ್ವಲ್ಪ ದುಂಡಗೆ... ಹಾಗೆ ತಿರುಗಿ ನೋಡೋದೇನು? ನನಗೂ ಕಣ್ಣಿದೆ.

ಇದು ನಾನು ಕೂರುವ ಕಡೆಯ ಬಾಗಿಲು. ನಿಮಗೆ ಗೊತ್ತಾ, ಮದುವೆಯಾದ ಮಾರನೇ ದಿನ ಅವರು ನನಗೆ ಹೇಳಿದ ಮೊದಲ ಮಾತು, ಬಾಗಿಲು ಮೆಲ್ಲಗೆ ಹಾಕು. ಅವತ್ತಿನಿಂದ ಮೆಲ್ಲಗೇ ಹಾಕಿದ್ದೀನಿ. ಚಪ್ಪಲಿ ಬಿಚ್ಚಿ, ಕೆಳಗೆ ಪೇಪರು ಹಾಸಿ, ಆಮೇಲೆ ಪಾದ ಇಟ್ಟಿದ್ದೀನಿ. ಸವತಿ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಒಂದು ಕೇಳ್ತೀನಿ, ನಿಮಗೆ ಗೊತ್ತಿರುತ್ತೆ. ಬಣ್ಣ ಹೊಡೆದ ಎರಡೇ ದಿನಕ್ಕೆ ಗಾಡಿ ರಸ್ತೆಗಿಳಿಸಿದರೆ ಏನಾಗುತ್ತೆ? ಧೂಳು ಕೂರುತ್ತೆ. ಮತ್ತೆ ಉಜ್ಜಿ ಮತ್ತೆ ಹೊಡೀಬೇಕು. ಅಷ್ಟೇ ತಾನೆ? ಅಷ್ಟೇ.

ಇಪ್ಪತ್ತಾರು ವರ್ಷದ ಹಿಂದೆ ನಮ್ಮಮ್ಮನಿಗೆ ಇವತ್ತೋ ನಾಳೆಯೋ ಅಂತ ತಂಗಿ ಫೋನು ಮಾಡಿದಳು. ಕಾರಿಗೆ ಆಗತಾನೇ ಈ ನೀಲಿ ಹೊಡೆಸಿದ್ದರು. ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತು ಹೇಳಿದರು, ಬಣ್ಣ ಒಣಗಿಲ್ಲ, ಬಸ್ಸಲ್ಲಿ ಹೋಗು. ಮೂರು ಬಸ್ಸು ಬದಲಾಯಿಸಿ ಹೋದೆ. ಅಮ್ಮನ ಕೈ ತಣ್ಣಗಾಗಿತ್ತು. ತಂಗಿ ಅಂದಳು, ಅಕ್ಕಾ, ನಿಮ್ಮ ಕಾರಿನ ಹಾರನ್ ಕೇಳಿಸಿತಾ, ಕೇಳಿಸಿತಾ ಅಂತ ಅಮ್ಮ ಕೇಳ್ತಾನೇ ಹೋದಳು...

ನಮ್ಮ ಮನೆತನದಲ್ಲಿ ಹೆಂಗಸರು ದನಿ ಎತ್ತಿದವರಲ್ಲ. ಮೊನ್ನೆ ಭಾನುವಾರ ಡಾಕ್ಟರು ಆಚೆ ಹೋದ ಮೇಲೆ ಇವರು ಕೈಸನ್ನೆ ಮಾಡಿ ಕರೆದರು. ಈಗಲಾದರೂ ಏನೋ ಹೇಳ್ತಾರೆ ಅಂತ ಬಗ್ಗಿ ಕಿವಿ ಕೊಟ್ಟೆ. ಕೊಟ್ಟೆ ಮೇಸ್ತ್ರಿ, ಕೊಟ್ಟೆ. ಕಾರಿಗೆ ಹೊದಿಕೆ ಹಾಕಿದೆಯಾ ಅಂದರು.

ಮನೆಗೆ ಬಂದೆ. ಶೆಡ್ಡಿಗೆ ಹೋಗಿ ಹೊದಿಕೆ ತೆಗೆದೆ... ಹಾಕಿದೆ. ಹಾಕಿದೆ ಅಂದೆ. ಆಮೇಲೆ ಆ ಗಾಡಿಯವನು ಬಂದ.

ಸ್ಕ್ರೂ ತೆಗೆದಿರಲ್ಲ ಬಾಯಿಂದ. ಈಗ ಹೇಳಿ, ಎಷ್ಟು ದಿನ? ನನ್ನ ಕೈ ಯಾಕೆ ನೋಡ್ತೀರಿ? ಮಂಡಿನೋವಿಗೆ ಹಿಡಿದ ಕೋಲಿದು. ಮೇಲಿನ ಗುಂಡು ಹಿತ್ತಾಳೆ. ಶನಿವಾರ ಶನಿವಾರ ನಾನೇ ಉಜ್ಜೋದು, ಕೆಲಸದವಳ ಕೈಗೆ ಕೊಡೋದಿಲ್ಲ. ಮುಖ ಕಾಣಬೇಕು, ಹಾಗೆ ಉಜ್ಜೋದು...

ಈ ಬಟ್ಟೆ ಯಾಕೆ? ಥಿನ್ನರ್ ಅಲ್ವಾ ಇದು, ಬಣ್ಣ ಬಿಡಿಸೋದು? ಕಾರಿಗೆ ಹಾಕಿ... ನನಗಾ?

ಎಲ್ಲಿ?

ಗುಂಡಿನ ಈ ಗೆರೆಯೊಳಗೆ. ಹೌದು. ನೀಲಿ.

ಕೊಡಿ ಇಲ್ಲಿ. ನಾನೇ ಒರೆಸ್ತೀನಿ. ಆ ಸ್ಟೂಲು ಸ್ವಲ್ಪ ಈ ಕಡೆ ಎಳೀರಿ... ಇರಲಿ ಬಿಡಿ ಗ್ರೀಸ್, ಸೀರೆ ಒಗೆದರೆ ಹೋಗುತ್ತೆ.

ಅವಸರ ಮಾಡಬೇಡಿ ಮೇಸ್ತ್ರಿ. ಎಂಟಲ್ಲ, ಹತ್ತು ದಿನ ತಗೊಳ್ಳಿ. ಗುರುವಾರ ನಾನು ಬಾಡಿಗೆ ಗಾಡಿ ತಗೊಂಡು ಹೋಗ್ತೀನಿ. ಕಾರು ಎಲ್ಲಿ ಅಂತ ಕೇಳಿಯೇ ಕೇಳ್ತಾರೆ.

ಕೇಳಲಿ. ಬಣ್ಣ ಒಣಗಿಲ್ಲ ಅಂತೀನಿ.