ಗೇಣಗಲದ ಕಲ್ಲು

ಸರ್ಕಾರಿ ಆಸ್ಪತ್ರೆಯ ಹಳೇ ಮೊಸಾಯಿಕ್ ನೆಲ ಮುಗಿದು ಖಾಸಗಿ ಕಂಪನಿ ನಡೆಸುವ ಡಯಾಲಿಸಿಸ್ ಘಟಕದ ಹೊಳೆಯುವ ಟೈಲ್ಸ್ ಶುರುವಾಗುವ ಕಡೆ ಗೇಣಗಲದ ಕಲ್ಲೊಂದಿದೆ. ಅದರ ಮೇಲೆ ಚೆಲ್ಲಿದ ನೀರನ್ನು ಒರೆಸಬೇಕಾದವರು ಸರ್ಕಾರದವರೋ ಕಂಪನಿಯವರೋ ಎಂಬ ಘನಗಂಭೀರ ಪ್ರಶ್ನೆ ಅಂದು ಬೆಳಿಗ್ಗೆ ಇತ್ಯರ್ಥಕ್ಕೆ ಬಂದಿತ್ತು. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ದರ್ಜಿ ತನ್ನ ಸೊಂಟನೋವು ಮರೆತು ಅತ್ತ ಕಿವಿಗೊಟ್ಟ. ಸರ್ಕಾರದ ಆಯಾ ಅತ್ತಿಗೆ, ಕಂಪನಿಯ ಆಯಾ ನಾದಿನಿ.

“ನಿಮ್ಮ ಮಷೀನು ಕೂತಿರೋದು ನಮ್ಮ ಕಟ್ಟಡದಲ್ಲಿ ಕಣೇ.”

“ನಿಮ್ಮ ಕಟ್ಟಡ ಇಲ್ಲಿ ಇಲಿ ಸಾಕ್ತಿತ್ತು, ಅತ್ತಿಗೆ. ಮಷೀನು ಬಂದ ಮೇಲೆ ತಾನೇ ಜನ ಬಂದಿದ್ದು?”

“ಬಂದೋರಿಗೆ ಪುಕ್ಕಟೆ ಮಾಡಿದ್ದು ಯಾರು? ನಿಮ್ಮ ಧಣೀನಾ?”

“ಸರಿ, ಇಬ್ಬರೂ ಅಂತಿಟ್ಕೊಳ್ಳಿ. ಈಗ ಒರೆಸಿ, ಅಮ್ಮ ಬರ್ತಿದಾಳೆ.”

“ನೀನೇ ಒರೆಸು. ಇಷ್ಟು ದಿನ ಅತ್ತೇನ ಬಸ್ಸಲ್ಲಿ ದೂರದ ಆಸ್ಪತ್ರೆಗೆ ಕರ್ಕೊಂಡು ಅಲೆದೋಳು ನಾನು.”

ಅಷ್ಟರಲ್ಲಿ ಗಾಲಿಕುರ್ಚಿ ಬಂದು ಕಲ್ಲಿನ ಮುಂದೆ ನಿಂತಿತು. ಮುದುಕಿ ಇಬ್ಬರನ್ನೂ ದುರುಗುಟ್ಟಿ ನೋಡಿದಳು.

“ಇಬ್ಬರೂ ಒರೆಸ್ರೇ! ಒಂದು ಕಡೆ ಸೊಸೆ, ಒಂದು ಕಡೆ ಮಗಳು, ಆಸ್ಪತ್ರೆ ನಮ್ಮನೇದೇ ಅಂತ ಬೀದಿಗೆಲ್ಲ ಹೇಳಿ ಬಂದಿದೀನಿ. ಇಲ್ಲಿ ಜಾರಿ ಬಿದ್ರೆ ಮರ್ಯಾದೆ ಹೋಗೋದು ನಂದು!”

ಕಲ್ಲನ್ನು ಎರಡು ಸಲ ಒರೆಸಲಾಯಿತು. ಕುರ್ಚಿ ಒಳಗೆ ಹೋಯಿತು.