ಅಪ್ಪನಿಗೆ ಕೇಳಿಸುವ ಮೊದಲು

ಕಿವಿ ಡಾಕ್ಟರ ಕೋಣೆಯ ಮುಂದೆ, ತಾಯಿ ಮಗಳ ನಡುವೆ ಅಪ್ಪ ಸುಮ್ಮನೆ ಕೂತಿದ್ದ. ಹಿಂದಿನ ಯುದ್ಧದಲ್ಲಿ ಫಿರಂಗಿಯ ಪಕ್ಕ ನಿಂತು ನಿಂತು ಅವನ ಕಿವಿ ಹೋಗಿತ್ತಂತೆ. ಎದುರು ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಯೊಬ್ಬ ಬೇರೆ ಕಡೆ ನೋಡುತ್ತಿದ್ದರೂ ತಾಯಿ ಮಗಳ ಮಾತು ಅವನಿಗೆ ಕೇಳಿಸುತ್ತಲೇ ಇತ್ತು.

“ಇವತ್ತು ಕಿವಿಗೆ ಮಿಷನ್ ಹಾಕಿದ್ರೆ ಅಪ್ಪಂಗೆ ಎಲ್ಲಾ ಕೇಳ್ಸತ್ತೆ ಅಮ್ಮ.”

“ಕೇಳ್ಸಲಿ ಬಿಡು. ಇಷ್ಟು ವರ್ಷ ಎದುರಿಗೇ ಬೈತಿದ್ದೆ, ಇನ್ಮೇಲೆ ಅಡುಗೆಮನೇಲಿ ನಿಂತು ಬೈತೀನಿ.”

“ತಮಾಷೆ ಸಾಕು. ತಮ್ಮನ ವಿಷಯ?”

“ಲಾರಿ ಓಡಿಸ್ತಿದ್ದಾನೆ ಅಂತ ನಂಬಿಸಿದ್ದೀವಲ್ಲ.”

“ಸೈನ್ಯಕ್ಕೆ ಸೇರಿದ್ದು ಇಡೀ ಬೀದಿಗೇ ಗೊತ್ತು. ಯಾರಾದ್ರೂ ಬಾಯಿ ಬಿಟ್ರೆ?”

ತಾಯಿ ಗಂಡನ ಕಡೆ ಒಮ್ಮೆ ನೋಡಿದಳು.

“ಮಗನ್ನ ಮಾತ್ರ ಸೈನ್ಯಕ್ಕೆ ಕಳಿಸಬೇಡ ಅಂತ ನಿಮ್ಮಪ್ಪ ನನ್ನ ಕೈಲಿ ಆಣೆ ಮಾಡಿಸ್ಕೊಂಡಿದ್ರು ಕಣೇ. ಅವನು ಕೆಲಸ ಮಾಡ್ತಿದ್ದ ಗಿರಣಿ ಮುಚ್ಚಿದ ಮೇಲೆ ಅವನಿಗೆ ಬೇರೆ ಏನು ಸಿಕ್ತು ಹೇಳು?”

“ಅದನ್ನ ಅಪ್ಪಂಗೆ ಹೇಳೋರು ಯಾರು?”

ಒಳಗಿಂದ ಕರೆ ಬಂತು. ತಾಯಿ ಗಂಡನ ತೋಳು ಹಿಡಿದು ಎಬ್ಬಿಸಿ, ಮಗಳ ಕಡೆ ತಿರುಗಿದಳು.

“ನೀನು ಇಲ್ಲೇ ಇರು. ಬೇರೆಯವರ ಬಾಯಿಂದ ಕೇಳೋದು ಬೇಡ. ನಾನೇ ಹೇಳ್ತೀನಿ.”

ಗಂಡ ಅವಳ ಮುಖ ನೋಡಿ ನಕ್ಕ. ತನ್ನ ಗಂಟಲು ಎಷ್ಟು ದೊಡ್ಡದೆಂದು ಅವನಿಗೆ ತಿಳಿಯದು.

“ಇವತ್ತು ನಿನ್ನ ದನಿ ಕೇಳ್ತೀನಿ ಕಣೇ!” ಎಂದು ಎಲ್ಲರಿಗೂ ಕೇಳುವಂತೆ ಅಂದು, ಅವಳಿಗಿಂತ ಮುಂದಾಗಿ ಒಳಗೆ ನಡೆದ.